ಹೆಗಲ ಮೇಲಿನ ಕೈ

ನಮ್ಮ ಮನೆಯ ನಡುಮನೆಯಲ್ಲಿ ಬಹಳ ವರ್ಷ ಒಂದು ದೊಡ್ಡ ಗುಂಪು ಫೋಟೋ ತೂಗುತ್ತಿತ್ತು. 1974ರಲ್ಲಿ ತಾತನ ಷಷ್ಟಿಪೂರ್ತಿಗೆ ತೆಗೆಸಿದ್ದು. ಹಾಸನದ ಸ್ಟುಡಿಯೋದವರು ಮೂರು ಕಾಲಿನ ಸ್ಟ್ಯಾಂಡು, ಕರಿ ಬಟ್ಟೆ ಹೊತ್ತು ಮನೆಗೇ ಬಂದಿದ್ದರಂತೆ. ಹಿತ್ತಲಿನಲ್ಲಿ ಜಮಖಾನ ಹಾಸಿ, ಪಕ್ಕದ ಶಾಲೆಯಿಂದ ಕುರ್ಚಿ ತರಿಸಿ, ಹಿರಿಯರನ್ನು ಕೂರಿಸಿ, ಕಿರಿಯರನ್ನು ಹಿಂದೆ ನಿಲ್ಲಿಸಿ, ಮಕ್ಕಳನ್ನು ಮುಂದೆ ಗುಡ್ಡೆ ಹಾಕಿ ತೆಗೆದ ಫೋಟೋ. ಇಂಥದೊಂದು ನಿಮ್ಮ ಮನೆಯಲ್ಲೂ ಇರಬಹುದು. ಎಲ್ಲರೂ ಯಾರೋ ಬೈದವರ ಹಾಗೆ ನೆಟ್ಟಗೆ ನೋಡುತ್ತಿರುತ್ತಾರೆ, ಒಂದು ಮಗು ಮಾತ್ರ ಅಲುಗಾಡಿ ಮುಖ ಮಸುಕಾಗಿರುತ್ತದೆ.

ನಮ್ಮ ಫೋಟೋದ ಬಲತುದಿಯಲ್ಲಿ ಅಜ್ಜಿಯ ಕುರ್ಚಿಯ ಪಕ್ಕ ಮಣೆಯ ಮೇಲೆ ನಿಂತ ಐದು ವರ್ಷದ ಹುಡುಗಿ ನಾನು. ನನ್ನ ಹೆಗಲ ಮೇಲೆ ಒಂದು ಕೈ ಇದೆ. ಎರಡು ಗಾಜಿನ ಬಳೆ, ಒಂದು ಪುಟ್ಟ ಕೈಗಡಿಯಾರ. ಆ ಕೈಗೆ ಮೈಯಿಲ್ಲ. ಮಣಿಕಟ್ಟಿನಿಂದಾಚೆ ಫೋಟೋವನ್ನು ಬ್ಲೇಡಿನಿಂದ ಕತ್ತರಿಸಿ, ಆ ಜಾಗಕ್ಕೆ ಕಪ್ಪು ಕಾಗದ ಅಂಟಿಸಿ ಕಟ್ಟು ಹಾಕಿಸಿದ್ದಾರೆ.

"ಇದು ಯಾರ ಕೈ ಅಮ್ಮ?" ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. ಅಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ, "ಸುಮ್ಮನೆ ಓದಿಕೋ ಹೋಗು" ಅಂದಿದ್ದಳು. ಆಮೇಲೆ ಕೇಳಲಿಲ್ಲ. ಕೇಳದೆಯೇ ತಿಳಿಯುವ ವಯಸ್ಸು ಬಂತು. ಅದು ಸಣ್ಣತ್ತೆಯ ಕೈ, ಅಪ್ಪನ ಕೊನೆಯ ತಂಗಿಯದು. ಟೈಪಿಂಗ್ ಕಲಿತು ಕಚೇರಿ ಕೆಲಸಕ್ಕೆ ಸೇರಿದ ಸಣ್ಣತ್ತೆ 1977ರಲ್ಲಿ ಬೇರೆ ಜಾತಿಯವರನ್ನು ರಿಜಿಸ್ಟರ್ ಮದುವೆಯಾದರು. ಅವರ ಹೆಸರನ್ನು ಮನೆಯಲ್ಲಿ ಯಾರೂ ಎತ್ತಬಾರದೆಂದು ತಾತ ಹೇಳಿದರು. ಫೋಟೋದಲ್ಲಿ ಅವರನ್ನು ಕತ್ತರಿಸಿ ತೆಗೆದದ್ದೂ ಆಗಲೇ. ಕೈಯನ್ನೂ ತೆಗೆಯಬೇಕಾದರೆ ನನ್ನ ಹೆಗಲನ್ನೂ ಕತ್ತರಿಸಬೇಕಾಗುತ್ತಿತ್ತು. ಹಾಗಾಗಿ ಕೈ ಉಳಿದುಕೊಂಡಿತು.

1986ರಲ್ಲಿ ತಾತ ತೀರಿಕೊಂಡ ಮೇಲೆ ಸಣ್ಣತ್ತೆ ಮದುವೆ ಮುಂಜಿಗಳಿಗೆ ಬರತೊಡಗಿದರು. ಬಂದರೂ ಹಿಂದಿನ ಸಾಲಿನಲ್ಲಿ ಕೂತು ಊಟ ಮಾಡಿ ಹೋಗುವವರು. ಫೋಟೋದ ಮಾತನ್ನು ಯಾರೂ ಆಡಲಿಲ್ಲ. ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಇಳಿಸಿದ ಫೋಟೋ ಮತ್ತೆ ಗೋಡೆ ಹತ್ತಲಿಲ್ಲ.

2022ರಲ್ಲಿ ಅಮ್ಮ ಹೋದಳು. ಅವಳ ಟ್ರಂಕು ತೆಗೆದಾಗ ಹಳೇ ಸೀರೆಯಲ್ಲಿ ಸುತ್ತಿದ ಆ ಫೋಟೋ ಸಿಕ್ಕಿತು. ಬೆಂಗಳೂರಿನಲ್ಲಿ ಚಿತ್ರಕಲೆ ಓದುವ ನನ್ನ ಮಗಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಅಮ್ಮ, ಇದನ್ನು ನನಗೆ ಕೊಡು. ಇದರಿಂದ ಒಂದು ಕೃತಿ ಮಾಡುತ್ತೇನೆ. ಸಣ್ಣಜ್ಜಿಯ ಬೇರೆ ಯಾವುದಾದರೂ ಫೋಟೋ ತಂದು ಇಲ್ಲಿ ಕೂಡಿಸುತ್ತೇನೆ" ಅಂದಳು.

ಆಗುವುದಿಲ್ಲ ಅಂದುಬಿಟ್ಟೆ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಶಾಸನವಾಗಲಿ ಪತ್ರವಾಗಲಿ ಚಿತ್ರವಾಗಲಿ, ದಾಖಲೆ ಎಂಬುದನ್ನು ತಿದ್ದಬಾರದೆಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದವಳು. ಇದು ನಾನು ಬಾಯಿಬಿಟ್ಟು ಹೇಳಿದ ಕಾರಣ. ಹೇಳದ ಕಾರಣವೂ ಒಂದಿತ್ತು. ಚಿಕ್ಕಪ್ಪಂದಿರು ಏನಂದಾರು, ಸತ್ತುಹೋದ ಜಗಳವನ್ನು ಪ್ರದರ್ಶನದಲ್ಲಿ ತೂಗುಹಾಕುವುದು ಯಾವ ಬುದ್ಧಿವಂತಿಕೆ ಎಂಬ ಅಳುಕು. ಮಗಳು ವಾದ ಮಾಡಲಿಲ್ಲ. ಮುಂದಿನ ಸಲ ರಜಕ್ಕೆ ಬಂದಾಗ ಗ್ರಂಥಾಲಯದಿಂದ ಒಂದು ದಪ್ಪ ಪುಸ್ತಕ ತಂದು ನನ್ನ ಮುಂದಿಟ್ಟಳು. "ಇದೂ ಒಂದು ಮನೆಯ ಫೋಟೋಗಳೇ. ಓದಿ ಆಮೇಲೆ ಬೇಡ ಅನ್ನು."

ಅದು ಶೇರ್‌ಗಿಲ್ ಮನೆತನದ ಕಥೆ. ಅಮೃತಾ ಶೇರ್‌ಗಿಲ್ ಎಂಬ ಚಿತ್ರಗಾರ್ತಿಯ ಹೆಸರನ್ನು ನೀವು ಕೇಳಿರಬಹುದು. ಆದರೆ ಕಥೆ ಶುರುವಾಗುವುದು ಅವಳ ತಂದೆಯಿಂದ. ಉಮ್ರಾವ್ ಸಿಂಗ್ ಶೇರ್‌ಗಿಲ್ 1870ರಲ್ಲಿ ಹುಟ್ಟಿದವರು, ಪಂಜಾಬಿನ ಮಜೀಠಿಯಾ ಸಿಖ್ ಶ್ರೀಮಂತ ಮನೆತನದವರು. ಸಂಸ್ಕೃತ, ಪಾರಸಿ ಬಲ್ಲ ವಿದ್ವಾಂಸರು, ಯೋಗಾಭ್ಯಾಸಿ, ಕವಿ ಇಕ್ಬಾಲರ ಗೆಳೆಯರು. ಅವರಿಗಿದ್ದ ದೊಡ್ಡ ಹುಚ್ಚು ಕ್ಯಾಮೆರಾದ್ದು. ತರುಣರಾಗಿದ್ದಾಗಿನಿಂದ ಮುಪ್ಪಿನವರೆಗೂ ತಮ್ಮ ಚಿತ್ರವನ್ನು ತಾವೇ ತೆಗೆದುಕೊಂಡರು. ಒಂದರಲ್ಲಿ ರುಮಾಲು ಸುತ್ತಿದ ಸರದಾರ, ಇನ್ನೊಂದರಲ್ಲಿ ಕಾಗದಪತ್ರದ ಮೇಜಿನ ಮುಂದೆ ಕೂತ ಪಂಡಿತ, ಮತ್ತೊಂದರಲ್ಲಿ ಬರಿಮೈಯ ಯೋಗಿ. 1930ರಲ್ಲಿ ಹದಿನೈದು ದಿನ ಉಪವಾಸ ಮಾಡಿದ ಮೇಲೆ ತಮ್ಮ ಮೈ ಹೇಗಾಯಿತೆಂದು ನೋಡಿಕೊಳ್ಳುವಂತೆ ಒಂದು ಚಿತ್ರ ತೆಗೆದುಕೊಂಡಿದ್ದಾರೆ. ಈಗಿನ ಹುಡುಗರು ಮೊಬೈಲಿನಲ್ಲಿ ಮಾಡುವುದನ್ನು ಆ ಕಾಲದ ಗಾಜಿನ ಪ್ಲೇಟುಗಳಲ್ಲಿ ಮಾಡಿದವರು ಎನ್ನಬಹುದೇನೋ. ಆದರೆ ಒಂದೊಂದು ಚಿತ್ರಕ್ಕೂ ಎಷ್ಟು ತಾಳ್ಮೆ ಬೇಕಿತ್ತೆಂಬುದನ್ನು ಮರೆಯಬಾರದು.

ಅವರು 1912ರಲ್ಲಿ ಲಾಹೋರಿನಲ್ಲಿ ಮೇರಿ ಆಂಟೊನೆಟ್ ಎಂಬ ಹಂಗೆರಿಯ ಹೆಣ್ಣುಮಗಳನ್ನು ಮದುವೆಯಾದರು. ಆಕೆ ಸಂಗೀತ ಕಲಿತವರು, ಪಿಯಾನೋ ನುಡಿಸುವವರು, ಮಹಾರಾಜಾ ರಣಜಿತ್ ಸಿಂಗರ ಮೊಮ್ಮಗಳಾದ ಬಂಬಾ ರಾಜಕುಮಾರಿಯ ಜೊತೆಗಾತಿಯಾಗಿ ಭಾರತಕ್ಕೆ ಬಂದಿದ್ದವರು. 1913ರ ಜನವರಿ 30ರಂದು ಬುಡಾಪೆಸ್ಟಿನಲ್ಲಿ ಅಮೃತಾ ಹುಟ್ಟಿದಳು, ಮರುವರ್ಷ ಇಂದಿರಾ. ಅಷ್ಟರಲ್ಲಿ ಮೊದಲ ಮಹಾಯುದ್ಧ ಹತ್ತಿತು. ಸಂಸಾರ ಹಂಗೆರಿಯಲ್ಲೇ ಉಳಿಯಿತು. 1921ರಲ್ಲಿ ಭಾರತಕ್ಕೆ ಬಂದು ಶಿಮ್ಲಾದಲ್ಲಿ ಮನೆ ಮಾಡಿದರು. 1929ರಲ್ಲಿ ಮಕ್ಕಳ ವಿದ್ಯೆಗಾಗಿ ಪ್ಯಾರಿಸ್ಸಿಗೆ ಹೋದರು. ಎಲ್ಲೆಲ್ಲಿಗೆ ಹೋದರೂ ತಂದೆಯ ಕ್ಯಾಮೆರಾ ಜೊತೆಗೇ ಹೋಯಿತು. ಪಿಯಾನೋ ಮುಂದಿನ ತಾಯಿ, ಸಿಂಗರಿಸಿಕೊಂಡ ಹೆಣ್ಣುಮಕ್ಕಳು, ಜರಿಸೀರೆಯುಟ್ಟು ನಗುವ ಅಮೃತಾ, ಅಕ್ಕನ ಪಕ್ಕದ ಇಂದಿರಾ. ಗಾಜಿನ ಮೇಲೆ ಬಣ್ಣದ ಚಿತ್ರ ತೆಗೆಯುವ ಆಟೋಕ್ರೋಮ್ ಎಂಬ ವಿಧಾನ 1907ರಲ್ಲಿ ಪೇಟೆಗೆ ಬಂದಿತ್ತು. ಅದನ್ನೂ ಉಮ್ರಾವ್ ಸಿಂಗ್ ಬಿಡಲಿಲ್ಲ.

ಅಮೃತಾ ಚಿತ್ರಗಾರ್ತಿಯಾದಳು. 1932ರಲ್ಲಿ ಬರೆದ ತರುಣಿಯರಿಬ್ಬರ ಚಿತ್ರಕ್ಕೆ ಮರುವರ್ಷ ಪ್ಯಾರಿಸ್ಸಿನ ಮನ್ನಣೆ ಸಿಕ್ಕಿತು. 1934ರ ಕೊನೆಗೆ ಭಾರತಕ್ಕೆ ಮರಳಿದಳು. ಅಜಂತಾ ನೋಡಿ, ದಕ್ಷಿಣದ ಊರುಗಳನ್ನು ಸುತ್ತಿ, 1937ರಲ್ಲಿ ಮದುಮಗಳ ಸಿಂಗಾರ, ಬ್ರಹ್ಮಚಾರಿಗಳು, ಸಂತೆಗೆ ಹೊರಟ ದಕ್ಷಿಣ ಭಾರತದ ಹಳ್ಳಿಗರು ಎಂಬ ಮೂರು ದೊಡ್ಡ ಚಿತ್ರ ಬರೆದಳು. ಅವಳು ಬರೆದ ಹೆಂಗಸರು ನಗುವುದಿಲ್ಲ. ಕಣ್ಣು ತಗ್ಗಿಸಿ, ಯಾವುದಕ್ಕೋ ಕಾಯುತ್ತ ಕೂತಿರುತ್ತಾರೆ. ತಂದೆ ತೆಗೆದ ಫೋಟೋಗಳಲ್ಲಿ ಅವಳು ಒಡವೆ ಹಾಕಿಕೊಂಡು ನಗುತ್ತಾಳೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ, ಇವೆರಡೂ ಒಂದೇ ಮನೆಯಿಂದ ಬಂದವೇ ಎಂದು ನನಗೆ ಆಶ್ಚರ್ಯವಾಯಿತು.

ಮುಂದಿನದು ದುಃಖದ ಕಥೆ. 1941ರ ಡಿಸೆಂಬರ್ 5ರಂದು ಲಾಹೋರಿನಲ್ಲಿ ತನ್ನ ಪ್ರದರ್ಶನಕ್ಕೆ ಕೆಲವೇ ದಿನ ಇರುವಾಗ ಅಮೃತಾ ತೀರಿಕೊಂಡಳು. ಇಪ್ಪತ್ತೆಂಟು ವರ್ಷ ವಯಸ್ಸು. ಆ ನೋವಿನಿಂದ ಹೊರಬರಲಾರದ ತಾಯಿ 1948ರಲ್ಲಿ ತಮ್ಮ ಜೀವ ತಾವೇ ಕಳೆದುಕೊಂಡರು. 1954ರಲ್ಲಿ ಉಮ್ರಾವ್ ಸಿಂಗ್ ಹೋದರು. ಉಳಿದವಳು ಇಂದಿರಾ. ಅವಳ ಮಗ ವಿವಾನ್ ಸುಂದರಂ ಹುಟ್ಟಿದ್ದು 1943ರಲ್ಲಿ, ಅಮೃತಾ ಸತ್ತ ಒಂದೂವರೆ ವರ್ಷದ ಮೇಲೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಅಮೃತಾ ಅವರಿಗೆ ದೊಡ್ಡಮ್ಮ, ಕಣ್ಣಲ್ಲಿ ಕಾಣದ ದೊಡ್ಡಮ್ಮ. ಅಂಥ ದೊಡ್ಡಮ್ಮ ಚಿಕ್ಕಮ್ಮಂದಿರು ಎಷ್ಟು ಮನೆಗಳಲ್ಲಿಲ್ಲ! ಫೋಟೋದಲ್ಲಿ ಮಾತ್ರ ನೋಡಿ, ಹಿರಿಯರ ಬಾಯಲ್ಲಿ ಕೇಳಿ, ನಾವೇ ಮನಸ್ಸಿನಲ್ಲಿ ಕಟ್ಟಿಕೊಂಡವರು.

ವಿವಾನ್ ಬರೋಡದಲ್ಲೂ ಲಂಡನ್ನಿನಲ್ಲೂ ಕಲೆ ಓದಿ ದೊಡ್ಡ ಕಲಾವಿದರಾದರು. ಅಜ್ಜನ ಫೋಟೋಗಳು ಅವರ ಪಾಲಿಗೆ ಬಂದ ಆಸ್ತಿ. ಅವರು ಆ ಆಸ್ತಿಯ ಹತ್ತಿರ ಮತ್ತೆ ಮತ್ತೆ ಹೋದರು. 1983-84ರಲ್ಲಿ ಆ ಸಂಸಾರವನ್ನು ಒಂದು ತೈಲಚಿತ್ರವಾಗಿ ಬರೆದರು. 1995ರಲ್ಲಿ, ದೊಡ್ಡಮ್ಮ ಹುಟ್ಟಿದ ಬುಡಾಪೆಸ್ಟಿನಲ್ಲೇ, 'ಶೇರ್‌ಗಿಲ್ ಆರ್ಕೈವ್' ಎಂಬ ಹೆಸರಿನಲ್ಲಿ ಮನೆಯ ಫೋಟೋಗಳನ್ನು ಪ್ರದರ್ಶನಕ್ಕಿಟ್ಟರು. 2001 ಮತ್ತು 2002ರಲ್ಲಿ ಮಾಡಿದ್ದು ನನ್ನ ಮಗಳು ನನಗೆ ತೋರಿಸಬೇಕೆಂದಿದ್ದ ಚಿತ್ರಮಾಲೆ, 'ರೀ-ಟೇಕ್ ಆಫ್ ಅಮೃತಾ'. ರೀ-ಟೇಕ್ ಎಂದರೆ ಸಿನಿಮಾದವರು ಒಂದು ದೃಶ್ಯವನ್ನು ಮತ್ತೊಮ್ಮೆ ತೆಗೆಯುವುದು.

ಅವರು ಮಾಡಿದ್ದು ಇಷ್ಟು. ಅಜ್ಜ ತೆಗೆದ ಫೋಟೋಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡರು. ಒಂದರಲ್ಲಿದ್ದ ವ್ಯಕ್ತಿಯನ್ನು ಇನ್ನೊಂದರ ಕೋಣೆಗೆ ಕರೆದುಕೊಂಡು ಹೋದರು. ಬೇರೆ ಬೇರೆ ಊರು, ಬೇರೆ ಬೇರೆ ವರ್ಷದಲ್ಲಿದ್ದವರು ಒಂದೇ ನಿಲುವುಗನ್ನಡಿಯ ಮುಂದೆ ಬಂದು ನಿಂತರು. ಒಂದು ವಯಸ್ಸಿನ ಅಪ್ಪ, ಇನ್ನೊಂದು ವಯಸ್ಸಿನ ಮಗಳು. ಅಮೃತಾ ತನ್ನನ್ನೇ ಎದುರುಗೊಂಡಳು. ಅವಳು ಬರೆದ ಚಿತ್ರಗಳೂ ಅವಳ ಬದುಕಿನ ಕೋಣೆಯೊಳಕ್ಕೆ ಬಂದವು. ಎಲ್ಲವೂ ಕಪ್ಪು ಬಿಳುಪು. ಮೇಲುನೋಟಕ್ಕೆ ಹಳೆಯ ಕಾಲದ ಒಂದೊಂದು ಫೋಟೋ ಎಂದೇ ಅನ್ನಿಸುತ್ತದೆ, ಎಲ್ಲಿಯೂ ಅಂಟಿನ ಗುರುತಿಲ್ಲ. ಎರಡನೇ ಸಲ ನೋಡುವಾಗ, ಅರೆ, ಇದು ಹೇಗೆ ಸಾಧ್ಯ ಎಂಬ ಅನುಮಾನ ಹುಟ್ಟುತ್ತದೆ. ಹೀಗಾಗಲು ಸಾಧ್ಯವೇ ಇಲ್ಲ ಎಂದು ತಿಳಿದ ಮೇಲೆ ಮೂರನೇ ಸಲ ಬೇರೆ ಕಣ್ಣಿನಿಂದ ನೋಡುತ್ತೇವೆ.

ಪುಸ್ತಕ ಮುಚ್ಚಿದಾಗ ನನ್ನೊಳಗಿನ ಮೇಡಮ್ಮು ಸುಮ್ಮನಾಗಿರಲಿಲ್ಲ. ಇದು ದಾಖಲೆಯನ್ನು ತಿದ್ದಿದ ಹಾಗೆ ಆಗಲಿಲ್ಲವೇ? ಹತ್ತನೇ ತರಗತಿಯ ಮಕ್ಕಳಿಗೆ ನಾನೇ ಒಂದು ಜೋಡಿ ಫೋಟೋ ತೋರಿಸುತ್ತೇನೆ. 1937ರಲ್ಲಿ ಮಾಸ್ಕೋ ಕಾಲುವೆಯ ದಂಡೆಯ ಮೇಲೆ ಸ್ಟಾಲಿನ್ ನಡೆಯುತ್ತಿದ್ದಾನೆ, ಪಕ್ಕದಲ್ಲಿ ಅವನ ಗುಪ್ತ ಪೋಲೀಸರ ಮುಖ್ಯಸ್ಥ ಯೆಜೋವ್. 1940ರಲ್ಲಿ ಯೆಜೋವನನ್ನು ಕೊಲ್ಲಿಸಿದರು. ಆಮೇಲೆ ಅದೇ ಫೋಟೋದಲ್ಲಿ ಯೆಜೋವ್ ಇಲ್ಲ. ಅವನು ನಿಂತಿದ್ದ ಜಾಗದಲ್ಲಿ ಕಾಲುವೆಯ ನೀರು ಬಂದಿದೆ. "ಮಿಸ್, ಅವನು ಎಲ್ಲಿಗೆ ಹೋದ?" ಎಂದು ಮಕ್ಕಳು ಕೇಳುತ್ತಾರೆ. ಫೋಟೋ ಸುಳ್ಳು ಹೇಳಬಲ್ಲದು ಎಂಬುದನ್ನು ತಿಳಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಈ ಪಾಠವನ್ನು ವರ್ಷ ವರ್ಷವೂ ಮಾಡಿದ ನನಗೆ ನಮ್ಮ ನಡುಮನೆಯ ಕಪ್ಪು ಕಾಗದ ಯಾಕೆ ನೆನಪಾಗಲಿಲ್ಲ? ರಷ್ಯಾದಲ್ಲಿ ನಡೆದದ್ದು ಇತಿಹಾಸ, ಮನೆಯಲ್ಲಿ ನಡೆದದ್ದು ಮನೆ ಮಾತು ಎಂದು ನಾನೇ ಗೆರೆ ಎಳೆದುಕೊಂಡಿದ್ದೆ. ದಾಖಲೆ ತಿದ್ದಬಾರದು ಎಂದು ಮಗಳಿಗೆ ಹೇಳಿದೆನಲ್ಲ, ಅದು ಆಗಲೇ ತಿದ್ದಿದ ದಾಖಲೆ. ನಾನು ಕಾಪಾಡಲು ಹೊರಟಿದ್ದು ತಿದ್ದುಪಡಿಯನ್ನೇ.

ಸ್ಟಾಲಿನ್ನನ ಜನ ಮಾಡಿದ್ದಕ್ಕೂ ವಿವಾನ್ ಮಾಡಿದ್ದಕ್ಕೂ ವ್ಯತ್ಯಾಸವಿದೆ ಎಂಬುದು ಆಗ ಸ್ಪಷ್ಟವಾಯಿತು. ಅವರದು, ನೋಡುವವನಿಗೆ ಗೊತ್ತಾಗಬಾರದು ಎಂದು ಮಾಡಿದ್ದು. ಇವರದು, ಇದು ನಾನು ಕೂಡಿಸಿದ್ದು ಎಂದು ಹೆಸರಿನಲ್ಲೇ ಹೇಳಿ ಮಾಡಿದ್ದು. ಅಲ್ಲದೆ ಅಜ್ಜನ ಮೂಲ ಫೋಟೋಗಳನ್ನು ಅವರು ಕೆಡಿಸಲಿಲ್ಲ. ಕಂಪ್ಯೂಟರಿನಲ್ಲಿದ್ದದ್ದು ಪ್ರತಿ ಮಾತ್ರ. ಉಮ್ರಾವ್ ಸಿಂಗರ ಫೋಟೋಗಳು ಅವರದೇ ಹೆಸರಿನಲ್ಲಿ 2007ರಲ್ಲಿ ಫ್ರಾನ್ಸಿನ ಆರ್ಲ್ ಪಟ್ಟಣದ ಛಾಯಾಚಿತ್ರ ಉತ್ಸವದಲ್ಲಿ ಪ್ರದರ್ಶನಗೊಂಡವು. 2010ರಲ್ಲಿ ವಿವಾನ್ ದೊಡ್ಡಮ್ಮನ ಪತ್ರಗಳನ್ನೂ ಬರಹಗಳನ್ನೂ ಎರಡು ದೊಡ್ಡ ಸಂಪುಟಗಳಲ್ಲಿ ಸಂಪಾದಿಸಿ ಕೊಟ್ಟರು. ಒಂದು ಕೈಯಲ್ಲಿ ಫೋಟೋಗಳನ್ನು ಬೆರೆಸಿದವರು ಇನ್ನೊಂದು ಕೈಯಲ್ಲಿ ದಾಖಲೆಯನ್ನು ಜೋಪಾನ ಮಾಡಿದರು. 2023ರ ಮಾರ್ಚಿನಲ್ಲಿ ಅವರು ದೆಹಲಿಯಲ್ಲಿ ತೀರಿಕೊಂಡರು.

ಇನ್ನೊಂದು ಮಾತೂ ಹೊಳೆಯಿತು. ಮೊದಲ ಫೋಟೋ ಕೂಡ ಇದ್ದದ್ದನ್ನು ಇದ್ದ ಹಾಗೆ ಹೇಳುವುದಿಲ್ಲ. ಉಮ್ರಾವ್ ಸಿಂಗ್ ಮನೆಯವರನ್ನು ಹೇಗೆ ಕೂರಿಸಬೇಕು, ಬೆಳಕು ಎಲ್ಲಿಂದ ಬರಬೇಕು ಎಂದು ಯೋಚಿಸಿ ತೆಗೆದವರು. ಪಿಯಾನೋ ಮುಂದೆ ಕೂತ ಮೇರಿ ಆಂಟೊನೆಟ್ ಮನಸ್ಸಿನಲ್ಲಿ ಏನಿತ್ತೆಂದು ಫೋಟೋ ಹೇಳುವುದಿಲ್ಲ. ನಮ್ಮ ಫೋಟೋದಲ್ಲೂ ಅಷ್ಟೆ. ತಾತ ತೊಟ್ಟ ಕೋಟು ಎರವಲಿನದು, ಕುರ್ಚಿ ಶಾಲೆಯದು. ಅಜ್ಜಿಗೆ ನಗಬೇಡ ಎಂದು ಹೇಳಿದ್ದರಂತೆ. ಆ ಫೋಟೋ ನೋಡಿದವರು ನಮ್ಮದು ಕೋಟಿನ ಮನೆತನ, ಅಜ್ಜಿ ಸಿಡುಕಿ ಎಂದುಕೊಳ್ಳಬೇಕು. ಅಜ್ಜಿಯಷ್ಟು ನಗುವವರು ನಮ್ಮ ಬೀದಿಯಲ್ಲಿರಲಿಲ್ಲ.

ಫೋಟೋವನ್ನು ತನಗೆ ಬೇಕಾದ ಹಾಗೆ ಸಿಂಗರಿಸುವುದು ನಮ್ಮ ಹೆಂಗಸರಿಗೆ ಹೊಸತೂ ಅಲ್ಲ. ಕೃಷ್ಣನ ಪಟಕ್ಕೆ ಚಮಕಿ ಅಂಟಿಸಿ, ಸರಸ್ವತಿಯ ಸೀರೆಗೆ ಜರಿ ಹೊಲಿದು ಕಟ್ಟು ಹಾಕಿಸುವುದನ್ನು ನೀವೂ ನೋಡಿದ್ದೀರಿ. ನನ್ನ ಅಜ್ಜಿ ತನ್ನ ಅಮ್ಮನ ಒಂದೇ ಒಂದು ಫೋಟೋಕ್ಕೆ ಹೀಗೇ ಮಾಡಿದ್ದಳು. ಕಪ್ಪು ಬಿಳುಪು ಚಿತ್ರದ ಬರಿ ಕೊರಳಿಗೆ ಸಣ್ಣ ಮಣಿಗಳನ್ನು ಪೋಣಿಸಿ ಅಡ್ಡಿಕೆ ಅಂಟಿಸಿದ್ದಳು. "ಬದುಕಿದ್ದಾಗ ಒಂದೆಳೆ ಚಿನ್ನ ಹಾಕಲಿಲ್ಲ ಕಣೇ, ಇಲ್ಲಾದರೂ ಹಾಕಿಕೊಳ್ಳಲಿ" ಅನ್ನುತ್ತಿದ್ದಳು. ಅದನ್ನು ಕಲೆ ಎಂದು ಯಾರೂ ಕರೆಯಲಿಲ್ಲ. ಸುಳ್ಳು ಎಂದೂ ಕರೆಯಲಿಲ್ಲ. ಮಣಿಗಳು ಎದ್ದು ಕಾಣುತ್ತಿದ್ದವು, ಅವು ಫೋಟೋದಲ್ಲಿದ್ದವಲ್ಲ ಎಂದು ಮಗುವಿಗೂ ಗೊತ್ತಾಗುತ್ತಿತ್ತು. ಮಗಳೊಬ್ಬಳು ಅಮ್ಮನಿಗೆ ತಡವಾಗಿ ಕೊಟ್ಟದ್ದು ಅದು.

ಶೇರ್‌ಗಿಲ್ ಮನೆಯ ಪುಸ್ತಕದಲ್ಲಿ ನನ್ನ ಕಣ್ಣು ಮತ್ತೆ ಮತ್ತೆ ಹೋದದ್ದು ಇಂದಿರಾಳ ಕಡೆಗೆ. ಲೋಕ ನೋಡುವುದು ಅಕ್ಕನನ್ನು. ಅಕ್ಕ ಹೋದಳು, ಅಮ್ಮ ಹೋದಳು, ಅಪ್ಪ ಹೋದರು. ಅಕ್ಕನ ಪಕ್ಕ ನಿಂತ ತಂಗಿ ಉಳಿದಳು. ಅವಳಿಂದಲೇ ಆ ಫೋಟೋಗಳು ಮಗನ ಕೈಗೆ ದಾಟಿದ್ದು. ಮನೆಯ ನೆನಪು ಉಳಿಯುವುದು ಬಹಳ ಸಲ ಹೀಗೇ. ಚಿತ್ರದಲ್ಲಿ ನಡುವೆ ಕೂತವರು ಅದನ್ನು ಉಳಿಸುವುದಿಲ್ಲ. ಅಂಚಿನಲ್ಲಿ ನಿಂತವರು ಟ್ರಂಕಿನಲ್ಲಿ, ಬೀರುವಿನಲ್ಲಿ, ಹಳೇ ಸೀರೆಯಲ್ಲಿ ಸುತ್ತಿ ಇಟ್ಟಿರುತ್ತಾರೆ. ನನ್ನ ಅಮ್ಮನೂ ಹಾಗೇ ಸುತ್ತಿಟ್ಟಿದ್ದಳಲ್ಲ ಎಂದು ಆಗ ನೆನಪಾಯಿತು. ಕತ್ತರಿಸಿದ ಫೋಟೋವನ್ನು ಅಮ್ಮ ಏಕೆ ಅಷ್ಟು ಜೋಪಾನ ಮಾಡಿದಳು?

ಕೇಳಲು ಅಮ್ಮ ಇರಲಿಲ್ಲ. ಸಣ್ಣತ್ತೆ ಇದ್ದರು.

ಮಗಳನ್ನು ಕರೆದುಕೊಂಡು ಒಂದು ಭಾನುವಾರ ಮೈಸೂರಿನ ರೈಲು ಹತ್ತಿದೆ. ಸಣ್ಣತ್ತೆಗೆ ಎಪ್ಪತ್ತು ದಾಟಿದೆ. ಮಂಡಿ ನೋವು. ಮಾವನೇ ಕಾಫಿ ಮಾಡಿಕೊಂಡು ಬಂದರು. ಇಷ್ಟು ವರ್ಷದಲ್ಲಿ ಅವರ ಮನೆಯಲ್ಲಿ ನಾನು ಕೂತು ಕಾಫಿ ಕುಡಿದದ್ದು ಎರಡು ಸಲವೋ ಮೂರು ಸಲವೋ. ಅದಕ್ಕೂ ನಾಚಿಕೆಯಾಯಿತು. ಫೋಟೋವನ್ನು ಚೀಲದಿಂದ ತೆಗೆದು ಅವರ ಮಡಿಲಲ್ಲಿಟ್ಟೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

ಸಣ್ಣತ್ತೆ ಕನ್ನಡಕ ಹಾಕಿಕೊಂಡು ನೋಡಿದರು. ಬೆರಳನ್ನು ನನ್ನ ಹೆಗಲ ಮೇಲಿದ್ದ ಕೈಯ ಮೇಲಿಟ್ಟು, "ಅಯ್ಯೋ, ನನ್ನ ವಾಚು!" ಅಂದರು. "ಮೊದಲನೇ ಸಂಬಳದಲ್ಲಿ ತಗೊಂಡಿದ್ದು. ಫೋಟೋದಲ್ಲಿ ಕಾಣಲಿ ಅಂತಲೇ ನಿನ್ನ ಹೆಗಲ ಮೇಲೆ ಕೈ ಇಟ್ಟಿದ್ದೆ ಕಣೇ ಪುಟ್ಟಿ. ಪ್ರೀತಿಗೆ ಅಂದ್ಕೊಂಡಿದ್ಯಾ?" ಎಂದು ನಕ್ಕರು. ನಾವೂ ನಕ್ಕೆವು.

ಆಮೇಲೆ ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ಬೀರುವಿನಿಂದ ಒಂದು ಹಳದಿಯಾದ ಲಕೋಟೆ ತಂದರು. ಮೇಲೆ ಅವರ ವಿಳಾಸ. ಬರಹ ನನ್ನ ಅಮ್ಮನದು. ಲೆಕ್ಕದ ಚೀಟಿಗಳಲ್ಲಿ, ನನ್ನ ಶಾಲೆಯ ರಜಾ ಅರ್ಜಿಗಳಲ್ಲಿ ಎಷ್ಟು ಸಲ ನೋಡಿದ್ದೇನೆ ಆ ಗುಂಡು ಅಕ್ಷರಗಳನ್ನು. ಒಳಗಿದ್ದದ್ದು ಒಂದೇ ಒಂದು ತುಂಡು, ಇಪ್ಪತ್ತು ವರ್ಷದ ಸಣ್ಣತ್ತೆ. ಎರಡು ಜಡೆ, ಹೂವಿನ ಸೀರೆ. ಬಲಗೈ ಸೆರಗಿನಲ್ಲಿದೆ. ಎಡಗೈ ಮಣಿಕಟ್ಟಿನವರೆಗೆ ಬಂದು ನಿಂತಿದೆ.

"ಕತ್ತರಿಸಿ ಒಲೆಗೆ ಹಾಕು ಅಂತ ಅಪ್ಪ ಹೇಳಿದ್ರಂತೆ. ಮನೆ ಸೊಸೆ, ಆಗೋದಿಲ್ಲ ಅನ್ನೋಕೆ ಆಗತ್ತಾ? ಅತ್ತಿಗೆ ಕತ್ತರಿಸಿದ್ರು. ಒಲೆಗೆ ಹಾಕಲಿಲ್ಲ" ಅಂದರು ಸಣ್ಣತ್ತೆ. "ಪತ್ರಗಿತ್ರ ಏನೂ ಇರಲಿಲ್ಲ. ಅತ್ತಿಗೇನ ನಾನೂ ಕೇಳಲಿಲ್ಲ. ಆಮೇಲೆ ಯಾವಾಗಲೋ ಅವರೇ ಇಷ್ಟು ಹೇಳಿದ್ರು. ಆದರೆ ಆ ಒಂಬತ್ತು ವರ್ಷ ಈ ಲಕೋಟೆ ನನಗೆ ತೌರಿನ ಹಾಗಿತ್ತು."

ನಾನು ಮಾತಾಡಲಾರದೆ ಕೂತೆ. ಅಮ್ಮನನ್ನು ಹೆದರುಪುಕ್ಕಲಿ ಎಂದು ಮನಸ್ಸಿನಲ್ಲೇ ಎಷ್ಟು ಸಲ ಅಂದುಕೊಂಡಿದ್ದೆ! ಬ್ಲೇಡು ಹಿಡಿದದ್ದು ತಾತನೋ ಅಪ್ಪನೋ ಎಂದುಕೊಂಡಿದ್ದೆ. ಹಿಡಿದದ್ದು ಅಮ್ಮನ ಕೈ. ಆ ತುಂಡನ್ನು ಅಂಚೆಗೆ ಹಾಕಿದ್ದೂ ಅದೇ ಕೈ. ನಾನು ಓದಿದ ಯಾವ ಪಠ್ಯಪುಸ್ತಕದಲ್ಲೂ ಇಂಥ ಕೈಗೆ ಒಂದು ಹೆಸರಿಲ್ಲ.

ಮಗಳು ತನ್ನ ಆಸೆ ಹೇಳಿದಳು. ಈಗ ಬೇರೆ ಫೋಟೋ ಹುಡುಕಬೇಕಿಲ್ಲ, ಎರಡು ತುಂಡನ್ನೂ ಕಂಪ್ಯೂಟರಿನಲ್ಲಿ ಕೂಡಿಸಿ, ಕತ್ತರಿಸಿದ ಗೆರೆಯೇ ಕಾಣದ ಹಾಗೆ ಮಾಡಬಹುದು ಎಂದಳು. ಸಣ್ಣತ್ತೆ ತಲೆಯಾಡಿಸಿದರು. "ಬೇಡಮ್ಮ. ಏನೂ ಆಗಿಲ್ಲ ಅನ್ನೋ ಹಾಗೆ ನನ್ನನ್ನ ವಾಪಸ್ಸು ಅಂಟಿಸಬೇಡ. ಆ ಬಾಗಿಲಿಗೆ ನಾನು ಒಂಬತ್ತು ವರ್ಷ ಬರಲಿಲ್ಲ. ನಮ್ಮಮ್ಮ ಹೋದಾಗಲೂ ಬೀದಿಯಲ್ಲೇ ನಿಂತು ನೋಡಿ ಬಂದೆ. ಗೆರೆ ಅಳಿಸಿಬಿಟ್ಟರೆ ಅದೆಲ್ಲ ಎಲ್ಲಿಗೆ ಹೋಗತ್ತೆ? ಮಾಡೋದಾದ್ರೆ ಎರಡನ್ನೂ ಪಕ್ಕಪಕ್ಕ ಇಡು. ಕತ್ತರಿಸಿದ್ದು ಕಾಣಲಿ. ನಿಮ್ಮಜ್ಜಿ ಕಳಿಸಿದ್ದೂ ಕಾಣಲಿ."

ಮೂವತ್ತು ವರ್ಷ ಇತಿಹಾಸ ಹೇಳಿಕೊಟ್ಟ ನನಗೆ ಟೈಪಿಸ್ಟ್ ಆಗಿ ನಿವೃತ್ತರಾದ ಸಣ್ಣತ್ತೆ ಆ ದಿನ ಪಾಠ ಹೇಳಿದರು. ತಿದ್ದಬಾರದು ಎಂದು ನಾನು ಹೇಳುತ್ತಿದ್ದೆ, ಸರಿಪಡಿಸಬೇಕು ಎಂದು ಮಗಳು ಹೇಳುತ್ತಿದ್ದಳು. ಕೂಡಿಸಬೇಕು, ಆದರೆ ಕೂಡಿಸಿದ್ದು ಕಾಣಬೇಕು ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಮಗಳು ಹಾಗೇ ಮಾಡಿದಳು. ಮೂಲ ಫೋಟೋವನ್ನಾಗಲಿ ತುಂಡನ್ನಾಗಲಿ ಮುಟ್ಟಲಿಲ್ಲ, ಪ್ರತಿ ತೆಗೆದುಕೊಂಡಳು. ದೊಡ್ಡದಾಗಿ ಮುದ್ರಿಸಿದ ಗುಂಪು ಫೋಟೋದ ಪಕ್ಕಕ್ಕೆ, ಒಂದು ಬೆರಳಿನಷ್ಟು ಜಾಗ ಬಿಟ್ಟು, ಸಣ್ಣತ್ತೆಯ ತುಂಡನ್ನಿಟ್ಟಳು. ಕಪ್ಪು ಕಾಗದವಿದ್ದ ಜಾಗದಲ್ಲಿ ಆ ಹಳದಿ ಲಕೋಟೆಯನ್ನು ಹಿಗ್ಗಿಸಿ ಹಾಕಿದಳು. ಅಮ್ಮನ ಗುಂಡು ಅಕ್ಷರಗಳ ಮುಂದೆ ಸಣ್ಣತ್ತೆ ನಿಂತಿದ್ದಾರೆ. ಮಣಿಕಟ್ಟಿಗೂ ಕೈಗೂ ನಡುವೆ ಬೆರಳಗಲದ ಬಿಳಿ ಜಾಗ. ನೋಡಿದವರ ಕಣ್ಣು ಅದನ್ನು ತಾನೇ ದಾಟಿ ಆಚೆ ಸೇರಿಕೊಳ್ಳುತ್ತದೆ.

ಅವಳ ಕಾಲೇಜಿನ ಪ್ರದರ್ಶನ ಮುಗಿದ ಮೇಲೆ ಅದು ನಮ್ಮ ನಡುಮನೆಗೆ ಬಂತು. ಚಿಕ್ಕಪ್ಪ ಬಂದವರು ಅದರ ಮುಂದೆ ಬಹಳ ಹೊತ್ತು ನಿಂತರು. ನಾನು ಹೆದರಿಕೊಂಡೇ ಕಾಫಿ ತಂದೆ. ಅವರು ಏನೂ ಹೇಳಲಿಲ್ಲ. ಕಾಫಿ ಕುಡಿದು ಲೋಟ ಇಡುವಾಗ, "ಅವಳ ಫೋನ್ ನಂಬರ್ ಇದ್ರೆ ಬರೆದುಕೊಡು" ಅಂದರು. ಫೋನ್ ಮಾಡಿದರೋ ಇಲ್ಲವೋ ನಾನು ಕೇಳಿಲ್ಲ.

ಇಷ್ಟು ಓದಿದ ನೀವು ನಿಮ್ಮ ಮನೆಯ ಫೋಟೋಗಳನ್ನು ಒಮ್ಮೆ ಹೊರಗೆ ತೆಗೆಯಿರಿ. ಎಲ್ಲರೂ ಕಲಾವಿದರಾಗಬೇಕಿಲ್ಲ. ಫೋಟೋದ ಹಿಂದೆ ಪೆನ್ಸಿಲಿನಿಂದ, ಒತ್ತಿ ಬರೆಯದೆ, ಯಾರು, ಯಾವ ವರ್ಷ, ಯಾವ ಸಂದರ್ಭ ಎಂದು ಬರೆದಿಡಿ. ಬಾಲ್‌ಪೆನ್ನು ಬೇಡ, ಅದರ ಒತ್ತು ಮುಂಭಾಗಕ್ಕೆ ಮೂಡುತ್ತದೆ. ಅಂಚಿನಲ್ಲಿ ನಿಂತವರ ಹೆಸರನ್ನು ಮೊದಲು ಬರೆಯಿರಿ, ನಡುವೆ ಕೂತವರ ಹೆಸರು ಹೇಗೂ ಎಲ್ಲರಿಗೂ ಗೊತ್ತಿರುತ್ತದೆ. ಯಾರಾದರೂ ಕಾಣೆಯಾಗಿದ್ದರೆ, ಕೇಳಬಹುದಾದವರು ಬದುಕಿರುವಾಗಲೇ ಹೋಗಿ ಕೇಳಿ. ನನಗೆ ಅಮ್ಮನನ್ನು ಕೇಳಲಾಗಲಿಲ್ಲ.

ಈಗ ಶಾಲೆಯಲ್ಲಿ ಯೆಜೋವನ ಫೋಟೋ ತೋರಿಸುವ ದಿನ ನಮ್ಮ ಮನೆಯ ಫೋಟೋವನ್ನೂ ಒಯ್ಯುತ್ತೇನೆ. ಹೋದ ವರ್ಷ ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ನಮ್ಮನೇಲೂ ಇಂಥದೊಂದು ಫೋಟೋ ಇದೆ, ಅತ್ತೇದು" ಅಂದಳು. ತರಗತಿ ಮುಗಿದ ಮೇಲೆ ಅವಳ ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟು, "ಅಜ್ಜಿಯನ್ನು ಕೇಳು" ಎಂದೆ.